ಅಣ್ಣನ ಗೇಟು, ಪರದೇಶದ ಬಾಂಬು

ಕೊಡೆ ಎಂಬ ಮಾತು ಕಿವಿಗೆ ಬಿದ್ದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ನಾನು ಹೇಳುತ್ತಿರುವುದು ಮಳೆಗೆ ಹಿಡಿಯುವ ಕೊಡೆಯ ಮಾತಲ್ಲ. ಬಾಂಬಿನ ಕೊಡೆಯದು. ಹಾಗೊಂದು ಕೊಡೆ ಲೋಕದಲ್ಲಿದೆ ಎಂದು ನನಗೆ ಗೊತ್ತಾದದ್ದು ಈ ಸಲದ ಪಂಚಮಿಯ ಹಿಂದಿನ ದಿನ, ಶೇಂಗಾ ಉಂಡಿ ಕಟ್ಟಲು ಬೆಲ್ಲದ ಪಾಕ ಒಲೆಯ ಮೇಲಿಟ್ಟಾಗ.

ಮೊಮ್ಮಗಳು ಲಿಂಗಸುಗೂರಿನಲ್ಲಿ ಕಾಲೇಜು ಓದುತ್ತಾಳೆ. ಮಸ್ಕಿಯಲ್ಲಿ ಬಸ್ಸು ಬದಲಿಸಿ ಹಬ್ಬಕ್ಕೆ ಬಂದಿದ್ದಳು. ಹಬ್ಬ ಮುಗಿಸಿ ಹೋದ ಮೇಲೆ ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಇತ್ತಂತೆ. ನನ್ನ ಎದುರಿಗೆ ಕಾಲು ಮಡಿಚಿ ಕೂತು ಭಾಷಣ ಒಪ್ಪಿಸತೊಡಗಿದಳು. ದೊಡ್ಡ ದೇಶದ ಅಣುಬಾಂಬನ್ನು ನಂಬಿ ಅದರ ಮಿತ್ರದೇಶ ನಿಶ್ಚಿಂತೆಯಿಂದ ಇರಬಹುದೇ ಎಂಬುದು ವಿಷಯ. ನಾನು ಮೂರನೇ ತರಗತಿಗೆ ಶಾಲೆ ಬಿಟ್ಟವಳು. ಅವಳು ಓದಿದ ಅರ್ಧ ಮಾತು ತಲೆಯ ಮೇಲೆ ಹಾದುಹೋಯಿತು.

“ತಿಳೀಲಿಲ್ಲ ಬೇ. ಬಿಡಿಸಿ ಹೇಳು.”

“ಈಗ ಜಪಾನ್ ಐತಿ, ದಕ್ಷಿಣ ಕೊರಿಯಾ ಐತಿ. ಅವ್ರ ಹತ್ರ ಬಾಂಬಿಲ್ಲ. ಬಾಜೂದವ್ರ ಹತ್ರ ಐತಿ. ಅಮೆರಿಕಾ ಏನಂತೈತಿ ಅಜ್ಜಿ, ನೀವು ಬಾಂಬ್ ಮಾಡಿಕೋಬ್ಯಾಡ್ರಿ, ನಿಮ್ಮ ಮ್ಯಾಲ ಯಾರರ ಹಾಕಿದ್ರ ಅವ್ರ ಮ್ಯಾಲ ನಾ ಹಾಕ್ತೀನಿ ಅಂತೈತಿ. ಇದಕ್ಕ ಅಣುಬಾಂಬಿನ ಕೊಡಿ ಅಂತಾರ.”

“ಇವ ಹಾಕಿದ್ರ ಅವ್ರು ಸುಮ್ಮಕ ಕುಂದರ್ತಾರೇನು? ತಿರುಗಿ ಇವನ ಮ್ಯಾಲ ಹಾಕೋದಿಲ್ಲೇನು?”

“ಹಾಕ್ತಾರ. ಚರ್ಚೆ ಇರೋದ ಅದರ ಮ್ಯಾಲ. ಬ್ಯಾರೇದವ್ರ ಊರು ಸುಟ್ಟಿತು ಅಂತ ತನ್ನ ಊರು ಸುಡಿಸಿಕೊಳ್ಳಾಕ ಯಾರರ ತಯಾರ ಆಗ್ತಾರೋ ಇಲ್ಲೋ ಅಂತ.”

ನನ್ನ ಕೈ ನಿಂತಿತು. ಪಾಕ ತಳ ಹಿಡಿದು ವಾಸನೆ ಬಂದರೂ ಸೌಟು ಆಡಿಸಲಿಲ್ಲ.

“ನೀ ಯಾರ ಕಡಿ ಮಾತಾಡಾಕಿ?”

“ನಂಬಬಹುದು ಅನ್ನೋರ ಕಡಿ.”

“ಬದಲಿ ಮಾಡ್ಕೊ. ನಂಬಬ್ಯಾಡ ಅನ್ನೋರ ಕಡಿ ಆಗು. ಮಾತಾಡಾಕ ಏನು ಬೇಕೋ ಅದನ್ನ ನಾ ಕೊಡ್ತೀನಿ.”

ಅವಳು ನಕ್ಕಳು. ನನಗೆ ನಗು ಬರಲಿಲ್ಲ, ಯಾಕೆಂದರೆ ಮರುದಿನವೇ ಅಂಥ ಕೊಡೆ ಹಿಡಿದವನ ಮನೆಗೆ ಉಡಿ ತುಂಬಿಸಿಕೊಳ್ಳಲು ಹೋಗಬೇಕಿತ್ತು. ಅವನು ನನ್ನ ಒಡಹುಟ್ಟಿದ ಅಣ್ಣ.

ನಮ್ಮ ಹೊಲ ಬಳಗಾನೂರಿನ ಆಚೆ, ಉಪಕಾಲುವೆಯ ಕೊನೆಯಲ್ಲಿದೆ. ಅಣ್ಣನ ಹೊಲ ಅದೇ ಉಪಕಾಲುವೆಯ ತಲೆಯಲ್ಲಿದೆ. ದೊಡ್ಡ ಕಾಲುವೆಯಿಂದ ನಮ್ಮ ಉಪಕಾಲುವೆಗೆ ನೀರು ಬಿಡುವ ಗೇಟು ಅವನ ಹೊಲದ ಒಡ್ಡಿಗೆ ಹತ್ತಿಕೊಂಡೇ ಇದೆ. ಗೇಟು ಸರ್ಕಾರದ್ದು, ಆದರೆ ಅಣ್ಣನ ಊರಿನವರು ಹೂಂ ಅನ್ನದೆ ಅದು ಮೇಲೆ ಕೆಳಗೆ ಆಗುವುದಿಲ್ಲ, ಆ ಊರಿನವರು ಅಣ್ಣನ ಮಾತು ಮೀರುವುದಿಲ್ಲ. ನಮಗೂ ಅವನಿಗೂ ನಡುವೆ ಒಬ್ಬ ದೊಡ್ಡ ರೈತನಿದ್ದಾನೆ. ನಾವು ಅವನಿಗೆ ನಡುವಿನ ಸಾವ್ಕಾರ ಅನ್ನುತ್ತೇವೆ. ಕಾಲುವೆ ಏರಿಯ ಕೆಳಗೆ ಪೈಪು ತೂರಿಸಿ ನೀರು ಎಳೆಯುವುದರಲ್ಲಿ ಅವನ ಕೈ ಬಹಳ ಪಳಗಿದೆ.

ನನ್ನ ಮಗ ಇನ್ನೂ ಸಣ್ಣವನಿದ್ದಾಗ ಆ ಸಾವ್ಕಾರ ಮೊದಲ ಸಲ ನಮ್ಮ ನೀರಿಗೆ ಕೈ ಹಾಕಿದ. ಸುದ್ದಿ ಮುಟ್ಟಿದ್ದೇ ಅಣ್ಣ ಟ್ರ್ಯಾಕ್ಟರ್ ಹತ್ತಿ ಬಂದ. ಸಾವ್ಕಾರನ ಊರಿನ ಚಹಾ ಹೋಟೆಲಿನ ಮುಂದೆ ಟ್ರ್ಯಾಕ್ಟರ್ ನಿಲ್ಲಿಸಿ, ಇಳಿಯದೆ, ಅಲ್ಲಿಂದಲೇ ಕೂಗಿದ. ಆ ಮಾತು ನನಗೆ ಅಕ್ಷರಕ್ಕೆ ಅಕ್ಷರ ನೆನಪಿದೆ, ಯಾಕೆಂದರೆ ಆಮೇಲೆ ವರ್ಷಗಟ್ಟಲೆ ನಾನೇ ಅದನ್ನು ಕಂಡಕಂಡವರ ಮುಂದೆ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ್ದೇನೆ.

“ನನ್ನ ತಂಗಿ ಹೊಲಕ್ಕ ನೀರು ನಿಂತ್ರ ಮ್ಯಾಲಿನ ಗೇಟ್ ಬಂದ್! ನಿಮಗೂ ಇಲ್ಲ, ನನಗೂ ಇಲ್ಲ. ಎಲ್ಲಾರೂ ಕೂಡೇ ಒಣಗೋಣು!”

ಸಾವ್ಕಾರ ಚಹಾ ಬಸಿ ಕೆಳಗಿಟ್ಟು ಎದ್ದು ಹೋದನಂತೆ. ಮರುದಿನ ಪೈಪು ಇರಲಿಲ್ಲ. ಆ ವರ್ಷ ಪಂಚಮಿಗೆ ತವರಿಗೆ ಹೋದಾಗ, ಉಡಿಯಲ್ಲಿ ಅಕ್ಕಿ ಬೀಳುತ್ತಿದ್ದಂತೆ ಅಣ್ಣ ಮತ್ತೆ ಅದೇ ಮಾತು ಆಡಿದ. ಉಡಿಯಲ್ಲಿ ಬಿದ್ದದ್ದು ನಮ್ಮಲ್ಲಿ ದೇವರ ಪ್ರಸಾದವಿದ್ದಂತೆ. ಅಲ್ಲಿ ಆಡಿದ ಮಾತೂ ಹಾಗೇ ಎಂದು ತಿಳಿದೆ.

ನಮ್ಮ ಹೊಲದ ಬದಿಗೆ ಒಂದು ಹಳ್ಳ ಹರಿಯುತ್ತದೆ. ನಮ್ಮ ಮನೆಯವರು ಅದಕ್ಕೊಂದು ಡೀಸೆಲ್ ಎಂಜಿನ್ ಇಟ್ಟಿದ್ದರು. ಕಾಲುವೆ ಕೈಕೊಟ್ಟರೆ ಹಳ್ಳದಿಂದ ಎತ್ತಿಕೊಳ್ಳುತ್ತಿದ್ದೆವು. ಆ ಎಂಜಿನ್ ಅಣ್ಣನ ಕಣ್ಣಿಗೆ ಚುಚ್ಚಿತು.

“ಇದು ಯಾಕ ತಂಗಿ? ಇದು ಇಲ್ಲೆ ಇದ್ರ ನನ್ನ ಮಾತಿನ ಮ್ಯಾಲ ನಿನಗ ಭರೋಸಾ ಇಲ್ಲ ಅಂತ ಮಂದಿ ಆಡಿಕೊಂತಾರ. ಮ್ಯಾಲ ನಿನ್ನ ನೋಡಿ ನಿನ್ನ ಬಾಜೂದವ ಇಡ್ತಾನ, ಅವನ್ನ ನೋಡಿ ಮತ್ತೊಬ್ಬ ಇಡ್ತಾನ. ಹಳ್ಳ ಒಂದ ಬ್ಯಾಸಗಿಗೆ ಖಾಲಿ. ನಾ ಅದೀನಿ ಅಲ್ಲ? ನಾ ಒಯ್ತೀನಿ ತಗೋ.”

ಮನೆಯವರು ಅಷ್ಟು ಮಾತಿನವರಲ್ಲ. ಆದರೂ ಅವತ್ತು, “ಎಂಜಿನ್ ಇರ್ಲಿ ಬಿಡು, ಅದೇನು ಕೂಳು ಕೇಳ್ತೈತೇನು,” ಎಂದರು. ನಾನೇ ಅವರ ಮೇಲೆ ಹರಿಹಾಯ್ದೆ. ಎಂಜಿನ್ ಅಣ್ಣನ ಟ್ರ್ಯಾಕ್ಟರ್ ಹತ್ತಿ ಹೋಯಿತು. ತುದಿಯ ಹೊಲದ ಉಳಿದ ರೈತರು ಕೂಡಿ ಏರಿ ಕಾಯಲು ಪಾಳಿ ಹಚ್ಚಿದಾಗಲೂ ನಾವು ಸೇರಲಿಲ್ಲ. ನನಗೇಕೆ ಪಾಳಿ, ನನ್ನ ತಲೆಯ ಮೇಲೆ ಅಣ್ಣನಿದ್ದಾನೆ ಎಂದಿದ್ದೆ.

ಬಾಂಬಿಲ್ಲದ ಆ ದೇಶಗಳೂ ಹೀಗೇ ಅಂದಿರಬೇಕು.

ಹೋದ ಬೇಸಿಗೆಯ ಬೆಳೆಯಲ್ಲಿ ಸಾವ್ಕಾರ ಮತ್ತೆ ಶುರು ಮಾಡಿದ. ಈ ಸಲ ಅವನಿಗೆ ಬುದ್ಧಿ ಬಂದಿತ್ತು. ನೀರನ್ನು ಪೂರಾ ನಿಲ್ಲಿಸಲಿಲ್ಲ. ಮೊದಲು ಒಂದು ಪೈಪು ತೂರಿಸಿದ. ನಾನು ಅಣ್ಣನಿಗೆ ಫೋನ್ ಹಚ್ಚಿದೆ.

“ಒಂದು ಪೈಪಿಗೆ ಇಡೀ ಕಾಲುವಿ ಬಂದ್ ಮಾಡಸ್ಲೇನು? ಮಂದಿ ನಕ್ಕಾರು ತಂಗಿ.”

ಮತ್ತೊಂದು ಪೈಪು ಬಂತು. ಮತ್ತೆ ಫೋನ್ ಹಚ್ಚಿದೆ.

“ನಿನಗ ಇನ್ನೂ ನೀರು ಬರಾಕತ್ತೈತಿ ಹೌದಿಲ್ಲೊ? ಪೂರಾ ನಿಂತ ಮ್ಯಾಲ ಹೇಳು.”

ಆಮೇಲೆ ಸಾವ್ಕಾರ ಕಾಲುವೆಯೊಳಗೇ ಮರಳಿನ ಚೀಲ ಪೇರಿಸಿದ. ನಮ್ಮ ಕಡೆಗೆ ಬೆರಳು ಗಾತ್ರದ ನೀರು ಬಂದು, ಅದೂ ಹಾದಿಯಲ್ಲೇ ಇಂಗತೊಡಗಿತು. ಭತ್ತ ತೆನೆಗಟ್ಟಿ ಹಾಲು ತುಂಬುವ ಹೊತ್ತು ಅದು. ಆಗ ನೀರು ತಪ್ಪಿದರೆ ತೆನೆ ತೆನೆಯಂತೆಯೇ ಕಾಣುತ್ತದೆ, ಒಳಗೆ ಕಾಳು ಇರುವುದಿಲ್ಲ. ಮನೆಯವರು ಮಡಿಯ ಬದುವಿನ ಮೇಲೆ ಕೂತು ತೆನೆ ಹಿಸುಕಿ ನೋಡುತ್ತಿದ್ದರು. ನಾನು ಮೂರನೆಯ ಸಲ ಫೋನ್ ಹಚ್ಚಿದೆ.

“ಅಣ್ಣ, ಈಗ ಪೂರಾ ನಿಂತೈತಿ. ಗೇಟ್ ಬಂದ್ ಮಾಡಸು.”

ಅವನ ಹೊಲದ ನೀರಿನ ಸದ್ದು ನನಗೆ ಫೋನಿನಲ್ಲಿ ಕೇಳುತ್ತಿತ್ತು.

“ತಂಗಿ, ನಂದೂ ಹೊಡಿ ತುಂಬಿ ತೆನಿ ಕಟ್ಟಾಕತ್ತೈತಿ. ಈಗ ಬಂದ್ ಮಾಡಿದ್ರ ನಂದೂ ಹೋಗ್ತದ. ಊರ ಮಂದೀದೂ ಹೋಗ್ತದ. ತಿಳ್ಕೊ ಸ್ವಲ್ಪ.”

ತಿಳಿದುಕೊಂಡೆ. ಎಲ್ಲರೂ ಕೂಡೇ ಒಣಗೋಣ ಎಂದವನು ಒಣಗಲು ನನ್ನೊಬ್ಬಳನ್ನೇ ಬಿಟ್ಟ. ನಮ್ಮ ಬೆಳೆ ಜೊಳ್ಳಾಯಿತು. ಕೊಯ್ಯುವುದಕ್ಕೂ ಬೆಲೆಯಿಲ್ಲದ್ದು, ಕುರಿಯವರನ್ನು ಕರೆದು ಮೇಯಿಸಿದೆವು. ಅಣ್ಣ ಏನು ಮಾಡಿದ ಗೊತ್ತೇ? ತನ್ನ ರಾಶಿಯಾದ ಮೇಲೆ ಮನೆಯಲ್ಲಿ ಉಣ್ಣಲಿಕ್ಕೆಂದು ಅಕ್ಕಿ ಕಳಿಸಿದ. ಚೀಲದ ಬಾಯಿಗೆ ಅರಿಷಿಣ ಕುಂಕುಮ ಹಚ್ಚಿ ಕಳಿಸಿದ್ದ. ಆ ಚೀಲ ನೋಡಿ ನನಗೆ ಬಂದ ಸಿಟ್ಟು ಸಾವ್ಕಾರನ ಪೈಪು ನೋಡಿದಾಗಲೂ ಬಂದಿರಲಿಲ್ಲ. ಸಾವ್ಕಾರ ಕಳ್ಳ. ಕಳ್ಳನಿಂದ ನಾನು ಏನನ್ನೂ ಬಯಸಿರಲಿಲ್ಲ.

ಈ ಮಳೆಗಾಲಕ್ಕೂ ಅದೇ ಕಥೆಯಾಗುವ ಲಕ್ಷಣ ಕಾಣುತ್ತಿತ್ತು. ಶ್ರಾವಣ ಬಂದರೂ ಮಳೆ ಹಿಡಿದಿರಲಿಲ್ಲ. ನಾಟಿಗೆ ಎಲ್ಲರೂ ಒಮ್ಮೆಗೇ ನೀರು ಎಳೆಯುತ್ತಿದ್ದರು. ಸಾವ್ಕಾರನ ಪೈಪುಗಳು ಇದ್ದಲ್ಲೇ ಇದ್ದವು. ನಮ್ಮ ಸಸಿ ಮಡಿಯಲ್ಲೇ ಬಲಿಯುತ್ತಿತ್ತು. ಬಲಿತ ಸಸಿಯನ್ನು ಆಮೇಲೆ ಕಿತ್ತು ಹಚ್ಚಿದರೆ ಅದು ಸರಿಯಾಗಿ ಮರಿ ಒಡೆಯುವುದಿಲ್ಲ. ಹಬ್ಬ ಕಳೆದು ಒಂದು ವಾರದೊಳಗೆ ಹೊಲಕ್ಕೆ ನೀರು ಬರಬೇಕು, ಇಲ್ಲವಾದರೆ ಈ ಬೆಳೆಯೂ ಹೋಯಿತು. ನನ್ನ ತಲೆಯಲ್ಲಿ ಇದ್ದದ್ದು ಅದೊಂದೇ.

ಹಬ್ಬದ ದಿನ ಮೊಮ್ಮಗಳನ್ನು ಕರೆದುಕೊಂಡು ಹೊರಟೆ. ಅಣ್ಣನ ಊರಿಗೆ ಸಿಂಧನೂರಿನ ಮೇಲಿಂದಲೇ ಹೋಗಬೇಕು. ಬಸ್ಸಿನಲ್ಲಿ ಅವಳಿಗೆ ಎಲ್ಲ ಹೇಳಿದೆ. ಹುಡುಗಿ ಕೇಳಿಸಿಕೊಂಡು, ನನ್ನದೇ ರಕ್ತವಲ್ಲವೇ, ಎದುರು ಮಾತಾಡಿದಳು.

“ಆದ್ರ ಅಜ್ಜಿ, ನಮ್ಮಪ್ಪ ಸಣ್ಣವ ಇದ್ದಾಗಿಂದ ಹೋದ ಬ್ಯಾಸಗಿ ತನಕ ಸಾವ್ಕಾರ ಮುಟ್ಟಲಿಲ್ಲ ಹೌದಿಲ್ಲೊ? ತಾತ ಖರೇನ ಗೇಟ್ ಬಂದ್ ಮಾಡಬೇಕು ಅಂತೇನಿಲ್ಲ. ಮಾಡಿದ್ರ ಮಾಡ್ಯಾನು ಅಂತ ಸಾವ್ಕಾರಗ ಒಂಚೂರು ಅಂಜಿಕಿ ಇದ್ರ ಸಾಕು.”

“ಅಂಜಿಕಿ ಹೋದ ದಿನ?”

“ಅದ…” ಎಂದು ನಿಲ್ಲಿಸಿದಳು.

“ಸಾವ್ಕಾರಗ ಒಂಚೂರು ಅಂಜಿಕಿ ಸಾಕು, ಖರೆ. ನನಗ ಒಂಚೂರು ನಂಬಿಕಿ ಸಾಕಾಗ್ತದೇನು? ಎಂಜಿನ್ ಕೊಟ್ಟಾಕಿ ನಾನು. ಪೂರಾ ನಂಬಿ ಕೊಟ್ಟೀನಿ. ಇದನ್ನ ಹೇಳು ನಿನ್ನ ಭಾಷಣದಾಗ.”

ಅವಳು ಕಿಟಕಿಯ ಕಡೆ ತಿರುಗಿ ಕೂತಳು. ಹೊರಗೆ ಹಾದಿಯುದ್ದಕ್ಕೂ ಕಾಲುವೆಯ ತಲೆಯ ಕಡೆಯವರ ಗದ್ದೆಗಳಲ್ಲಿ ನಾಟಿ ಮುಗಿದು ನೀರು ಹೊಳೆಯುತ್ತಿತ್ತು.

ಅಣ್ಣನ ಮನೆಯಲ್ಲಿ ಎಂದಿನಂತೆ ಜೋಳದ ಅಳ್ಳು, ಅಳ್ಳಿಟ್ಟು, ನಾನಾ ನಮೂನೆ ಉಂಡಿ. ಅತ್ತಿಗೆ ಮಣೆ ಹಾಕಿ ನನ್ನನ್ನು ಕೂಡಿಸಿದಳು. ಕುಬಸ, ಕೊಬ್ಬರಿ ಬಟ್ಟಲು, ಉತ್ತತ್ತಿ, ಎಲೆ ಅಡಿಕೆ, ಒಂದು ಬುಟ್ಟಿಯ ತುಂಬ ಅಕ್ಕಿ ತಂದಿಟ್ಟಳು. ನಾನು ಸೆರಗು ಒಡ್ಡಿದೆ. ಅಣ್ಣ ಕುರ್ಚಿಯ ಮೇಲೆ ಕೂತಿದ್ದ. ಅತ್ತಿಗೆ ಬೊಗಸೆ ತುಂಬಿದಳೋ ಇಲ್ಲವೋ, ಅವನು ಬಾಯಿ ತೆಗೆದ.

“ಹೋದ ಬೆಳಿಗೆ ಆಗಿದ್ದು ಆಗಿ ಹೋತು. ಈ ಸಲ ಚಿಂತಿ ಮಾಡಬ್ಯಾಡ. ನಿನ್ನ ಹೊಲಕ್ಕ ನೀರು ನಿಂತ್ರ ಗೇಟ್…”

ನಾನು ಸೆರಗು ಎಳೆದುಕೊಂಡೆ. ಅಕ್ಕಿ ಮಣೆಯ ಮೇಲೆ ಚೆಲ್ಲಿತು.

“ಈ ಅಕ್ಕಿ ಯಾವ ಬೆಳೀದು ಅತ್ತಿಗಿ?”

“ಬ್ಯಾಸಗೀದು. ಛಲೋ ಅಕ್ಕಿ ಐತಿ, ಯಾಕ?”

“ಬ್ಯಾಸಗೀದು ನನ್ನ ಉಡಿಯಾಗ ಬ್ಯಾಡ.”

ತವರಿನ ಉಡಿಯನ್ನು ಹೆಣ್ಣುಮಗಳು ಬೇಡ ಅನ್ನುವುದು ನಮ್ಮ ಕಡೆ ಬೈಗುಳಕ್ಕಿಂತ ದೊಡ್ಡದು. ಅತ್ತಿಗೆ ಬಾಯಿಗೆ ಸೆರಗು ಹಿಡಿದಳು.

“ಹುಚ್ಚು ಹಿಡಿದೈತೇನಲೇ ನಿನಗ?” ಅಣ್ಣ ಎದ್ದು ನಿಂತ.

“ಹಿಡಿದಿತ್ತು, ಈಗ ಬಿಟ್ಟೈತಿ. ಅಣ್ಣ, ನಿನ್ನ ಮಾತು ಬ್ಯಾಡ ನನಗ. ನಿನ್ನ ಸಸಿ ಕೊಡು. ನನ್ನ ಹೊಲದ ಕಡೀ ಮಡಿಯಾಗ ನಿನ್ನ ನೆಲ್ಲು ಹಚ್ಚು. ರಾಶಿ ನಿಂದ, ನೀನ ಒಯ್ಯಿ. ನೀರು ನಿಂತ್ರ ನನ್ನ ಕೂಡ ನಿಂದೂ ಒಣಗಲಿ. ಆವಾಗ ನಿನಗ ಗೇಟಿನ ನೆನಪು ತಾನ ಬರ್ತದ.”

“ಅಷ್ಟು ದೂರ ಯಾರು ಬಂದು ನೋಡ್ತಾರ?”

“ನೀ ಬರಬ್ಯಾಡ. ನಿನ್ನ ನೆಲ್ಲು ಬಂದು ನಿಂದರಲಿ.”

ಮೊಮ್ಮಗಳು ಅಂಗಳದಲ್ಲಿ ಹಬ್ಬಕ್ಕೆ ಕಟ್ಟಿದ್ದ ಜೋಕಾಲಿಯ ಹಗ್ಗ ಬಿಟ್ಟು ಒಳಗೆ ಬಂದಿದ್ದಳು. ತಡೆಯಲಾರದೆ ಬಾಯಿ ಹಾಕಿದಳು. “ತಾತ, ಅಮೆರಿಕಾದವ್ರೂ ಕೊರಿಯಾದಾಗ ತಮ್ಮ ಸೈನಿಕರನ್ನ ಇಟ್ಟಾರ. ಅವ್ರು ಸತ್ರ ಅಮೆರಿಕಾಕ್ಕ ಸುಮ್ನ ಕುಂದ್ರಾಕ ಬರಂಗಿಲ್ಲ ಅಂತ.”

“ಏಯ್, ನಮ್ಮ ಮನಿ ಮಾತಿನಾಗ ಅಮೆರಿಕಾ ಯಾಕ ಬಂತಲೇ?” ಎಂದು ಅಣ್ಣ ಅವಳ ಮೇಲೆ ರೇಗಿದ. ಆಮೇಲೆ ನನ್ನ ಕಡೆ ತಿರುಗಿ ದನಿ ತಗ್ಗಿಸಿದ. “ತಂಗಿ, ಕಡೀ ಹೊಲದಾಗ ನೆಲ್ಲು ಹಚ್ಚೋದು ಅಂದ್ರ ನೀರಾಗ ಹಾಕಿದಂಗ. ಅದು ನಿನಗೂ ಗೊತ್ತೈತಿ.”

ತಾನು ಏನೆಂದೆ ಎಂಬುದು ಅವನಿಗೆ ಬಾಯಿಂದ ಬಿದ್ದ ಮೇಲೆ ತಿಳಿಯಿತು. ಮುಖ ಬೇರೆ ಕಡೆ ಮಾಡಿದ. ನನ್ನ ಹೊಲಕ್ಕೆ ನೀರು ಬರುತ್ತದೆ ಎಂಬ ನಂಬಿಕೆ ಆ ಮಾತು ಕೊಟ್ಟವನಿಗೇ ಇರಲಿಲ್ಲ. ತನ್ನ ಒಂದು ಹಿಡಿ ಸಸಿಯನ್ನೂ ಅಲ್ಲಿ ಇಡಲಾರದವನು ನನ್ನ ಇಡೀ ಬೆಳೆಯನ್ನು ಆ ಮಾತಿನ ಕೆಳಗೆ ಇಡಿಸಿದ್ದ.

“ಹಂಗಾರ ನನ್ನ ಎಂಜಿನ್ ಕೊಡು,” ಎಂದೆ.

“ಹಬ್ಬದ ದಿನ? ಉಡಿ ಬಿಟ್ಟು ಎಂಜಿನ್ ಒಯ್ದಳು ಅಂದ್ರ ಮಂದಿ ಏನಂದಾರು?”

“ಮಂದಿ ಅನ್ನೋದು ಅನ್ಲಿ. ನನ್ನ ಸಸಿ ಮಂದಿ ಮಾತು ಕುಡಿದು ಬೆಳಿಯಂಗಿಲ್ಲ.”

ಎಂಜಿನ್ ದನದ ಕೊಟ್ಟಿಗೆಯ ಮೂಲೆಯಲ್ಲಿ ಗೋಣಿತಾಟು ಹೊದ್ದು ಕೂತಿತ್ತು. ಅದರ ಮೇಲೆ ಒಂದು ಕೋಳಿ ಕಾವು ಕೂತಿತ್ತು. ಆಳಿನವರ ಕೋಳಿಯಂತೆ. ಇಷ್ಟು ವರ್ಷ ನನ್ನ ಹೊಲ ಕಾಯಬೇಕಾದದ್ದು ಇಲ್ಲಿ ಮೊಟ್ಟೆ ಕಾಯುತ್ತಿತ್ತು. ಕೋಳಿಯನ್ನು ಮೊಟ್ಟೆ ಸಮೇತ ಬುಟ್ಟಿಗೆ ಇಳಿಸಿದೆ. ಅಣ್ಣನ ಆಳುಗಳು ಅವನ ಮುಖ ನೋಡುತ್ತ, ನನ್ನ ಮುಖ ನೋಡುತ್ತ ಎಂಜಿನ್ನನ್ನು ಬಾಡಿಗೆಯ ಟಂಟಂ ಆಟೋಗೆ ಹತ್ತಿಸಿದರು. ಅತ್ತಿಗೆ ಅಳುತ್ತಿದ್ದಳು. ಅವಳ ಮೇಲೆ ನನಗೆ ಸಿಟ್ಟಿರಲಿಲ್ಲ. ಉಂಡಿಯ ಡಬ್ಬಿ ಕೊಟ್ಟಳು, ತೆಗೆದುಕೊಂಡೆ. ಅಣ್ಣ ಬಾಗಿಲ ತನಕವೂ ಬರಲಿಲ್ಲ.

ನಾನೂ ಮೊಮ್ಮಗಳೂ ಎಂಜಿನ್ನಿನ ಬದಿಗೇ ಕೂತು ಹೊರಟೆವು. ಕಾಲುವೆಯ ನಡುವಿನ ಊರು ಬಂದಾಗ ಟಂಟಂನವನು ಚಹಾ ಕುಡಿಯಬೇಕೆಂದು ಅದೇ ಹೋಟೆಲಿನ ಮುಂದೆ ನಿಲ್ಲಿಸಿದ. ಸಾವ್ಕಾರ ಅಲ್ಲೇ ಬೆಂಚಿನ ಮೇಲಿದ್ದ. ಅವನಿಗೂ ವಯಸ್ಸಾಗಿದೆ, ಕಣ್ಣು ಮಾತ್ರ ಚುರುಕು.

“ಏನಬೇ ಯವ್ವಾ, ತವರಿನಿಂದ ಎಂಜಿನ್ ಹೊತ್ಕೊಂಡು ಬಂದಿ?”

“ಹೌದು.”

“ಅಂದ್ರ ಅಣ್ಣನ ಗೇಟ್ ಮುಗೀತು ಅಂದಂಗಾತು.” ಬಸಿಯಲ್ಲಿ ಚಹಾ ಸುರಿದುಕೊಂಡು ಊದಿದ. “ಛಲೋ ಆತು ಬಿಡು. ಇನ್ನ ಮ್ಯಾಲ ಹಳ್ಳ ನಿಂದು, ಕಾಲುವಿ ನಂದು.”

ಮೊಮ್ಮಗಳು ನನ್ನ ತೋಳು ಹಿಡಿದಳು. ಅವಳ ಮನಸ್ಸಿನಲ್ಲಿದ್ದದ್ದು ನನಗೆ ತಿಳಿಯಿತು. ಕೊಡೆ ಹರಕಾದರೂ ಇರಲಿ ಎಂಬುದನ್ನೇ ಬಸ್ಸಿನಲ್ಲಿ ಅವಳು ಹೇಳಬೇಕೆಂದಿದ್ದಿರಬೇಕು. ಹರಕು ಕೊಡೆಯನ್ನು ನಾನು ನಡುಬೀದಿಯಲ್ಲಿ ಮಡಿಚಿಟ್ಟಿದ್ದೆ. ಅದನ್ನು ಮೊದಲು ಕಂಡವನು ಇವನೇ.

“ಕಾಲುವಿ ಸರ್ಕಾರದ್ದು, ಅದರಾಗ ನನ್ನ ಪಾಲು ಐತಿ,” ಎಂದೆ. “ಪೈಪ್ ನೀ ತೆಗಿತೀಯೋ, ಕಡೀ ಹೊಲದ ಮಂದಿ ಎಲ್ಲಾರೂ ಬಂದು ಕಿತ್ತೋಣೋ?”

“ಎಲ್ಲಾರೂ ಅಂದ್ರ? ನೀ ಅವ್ರ ಪಾಳ್ಯಾಗ ಎಂದ ಸೇರಿದ್ದಿ?”

ಟಂಟಂನವನಿಗೆ ಬೈದು ಚಹಾ ಅರ್ಧಕ್ಕೇ ಬಿಡಿಸಿ ಹೊರಡಿಸಿದೆ.

ಎಂಜಿನ್ ಅಷ್ಟು ವರ್ಷ ಕೂತು ಜಂಗು ಹಿಡಿದಿತ್ತು. ಮಗ ಅದನ್ನು ಸಿಂಧನೂರಿನ ಹತ್ತಿರದ ಆರ್.ಎಚ್. ಕ್ಯಾಂಪ್ ಎಂಬ ಊರಿನ ಮೆಕ್ಯಾನಿಕ್ಕನ ಹತ್ತಿರ ಬಿಚ್ಚಿಸಿ ಸರಿ ಮಾಡಿಸಿಕೊಂಡು ಬಂದ. ಹಳ್ಳದಲ್ಲಿ ಸೊಂಟದ ಮಟ್ಟ ನೀರಿತ್ತು. ಮನೆಯವರೇ ಹ್ಯಾಂಡಲ್ ತಿರುವಿದರು. ಕಪ್ಪು ಹೊಗೆ ಕಾರಿ ಎಂಜಿನ್ ಹಿಡಿದುಕೊಂಡಿತು, ಪೈಪಿನ ಬಾಯಲ್ಲಿ ಮೊದಲು ರಾಡಿ, ಆಮೇಲೆ ನೀರು ಬಂತು. ಮನೆಯವರು ಆ ನೀರಿನಲ್ಲಿ ಕಾಲಿಟ್ಟುಕೊಂಡು ನಿಂತರು. “ನಾ ಅವತ್ತ ಹೇಳಿದ್ದೆ,” ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು, ಜಗಳವಾದರೂ ಆಡಬಹುದಿತ್ತು. ಸಸಿ ಪೂರಾ ಬಲಿಯುವ ಮೊದಲೇ ನಾಟಿ ಮುಗಿಯಿತು.

ಮರುದಿನವೇ ಪಕ್ಕದ ಹೊಲದವನು ಬದುವಿನ ಮೇಲೆ ಬಂದು ಕುಕ್ಕರುಗಾಲಲ್ಲಿ ಕೂತ. ಅವನ ಸಸಿಯೂ ಬಲಿಯುತ್ತಿತ್ತು.

“ಎಕ್ಕಾ, ಈ ಎಂಜಿನ್ ಎಲ್ಲಿ ಸಿಗ್ತಾವು?”

ಏನು ಹೇಳಲಿ? ಬೇಡ ಅನ್ನುವ ಬಾಯಿ ನನಗೆ ಎಲ್ಲಿತ್ತು? ಆರ್.ಎಚ್. ಕ್ಯಾಂಪಿನ ಹಾದಿ ಹೇಳಿದೆ. ಅವನು ತಂದ. ಅವನನ್ನು ನೋಡಿ ಅವನ ಆಚೆಯವನು ತಂದ. ಈಗ ಹಗಲೆಲ್ಲ ಹಳ್ಳದ ದಂಡೆಯುದ್ದಕ್ಕೂ ಎಂಜಿನ್ನುಗಳು ಬಡಿದುಕೊಳ್ಳುತ್ತವೆ. ಎದುರು ನಿಂತವರ ಮಾತೂ ಕೇಳಿಸುವುದಿಲ್ಲ. ಸೊಂಟದ ಮಟ್ಟ ಇದ್ದ ನೀರು ಮೊಳಕಾಲಿಗೆ ಇಳಿದಿದೆ. ಭತ್ತ ಇನ್ನೂ ಹೊಡೆ ಹಾಕಿ ತೆನೆ ಬಿಡಬೇಕು. ಏರಿಯ ಪಾಳಿಗೆ ನಾವೂ ಸೇರಿದ್ದೇವೆ. ಕರೆಯದೆ ಹೋಗಿ ಸೇರಿದೆ, ಯಾರೂ ಬಾ ಎಂದೂ ಅನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ.

ಮೊಮ್ಮಗಳು ಫೋನ್ ಮಾಡಿದ್ದಳು. ಪಕ್ಷ ಬದಲಿಸಲು ಬಿಡಲಿಲ್ಲವಂತೆ, ನಂಬಬಹುದು ಎಂದೇ ಮಾತಾಡಿದಳಂತೆ. “ತೀರ್ಪು ಕೊಡೋರು ಒಂದು ಪ್ರಶ್ನೆ ಕೇಳಿದ್ರು ಅಜ್ಜಿ. ನಂಬಿಕಿ ಹೋತು ಅಂತ ಎಲ್ಲಾ ದೇಶಾನೂ ತಮ್ ತಮ್ಮ ಬಾಂಬ್ ಮಾಡಿಕೊಂಡ್ರ ಏನ್ ಮಾಡ್ತೀರಿ ಅಂತ. ಆವಾಗ ನಮ್ಮ ಹಳ್ಳ ನೆನಪಾತು.”

“ಏನ್ ಹೇಳಿದಿ?”

“ಎಂಜಿನ್ ಕೊಟ್ಟಾಕಿ ಪೂರಾ ನಂಬಿ ಕೊಟ್ಟಿರ್ತಾಳ, ಆ ನಂಬಿಕಿ ಕೆಡಿಸಿದವ್ರನ್ನ ಕೇಳ್ರಿ ಅಂದೆ.”

ಫೋನ್ ಇಟ್ಟ ಮೇಲೆ ಹಳ್ಳಕ್ಕೆ ಹೋದೆ. ಒಬ್ಬ ಎಂಜಿನ್ ಇಡುತ್ತಾನೆ, ಅವನನ್ನು ನೋಡಿ ಮತ್ತೊಬ್ಬ ಇಡುತ್ತಾನೆ, ಹಳ್ಳ ಖಾಲಿಯಾಗುತ್ತದೆ ಎಂದಿದ್ದ ಅಣ್ಣ. ಅವನು ನನಗೆ ಹೇಳಿದ್ದರಲ್ಲಿ ಖರೆಯಾದದ್ದು ಅದೊಂದೇ. ಆ ಒಂದು ಮಾತು ಅವನಿಗೆ ಅಷ್ಟು ಚೆನ್ನಾಗಿ ಗೊತ್ತಿದ್ದಾಗ, ಇನ್ನೊಂದು ಮಾತನ್ನು ಉಳಿಸಿಕೊಳ್ಳಲು ಅವನಿಗೇನು ಧಾಡಿಯಾಗಿತ್ತು? ಈ ಸಿಟ್ಟು ಇಳಿಯುವುದಿಲ್ಲ. ಎಂಜಿನ್ನಿನ ಪೈಪು ನೀರು ಬಿಟ್ಟು ಗಾಳಿ ಎಳೆಯತೊಡಗಿತ್ತು. ಬಗ್ಗಿ, ಅದನ್ನು ಇನ್ನೂ ಒಂದು ಗೇಣು ಕೆಳಗೆ ಇಳಿಸಿದೆ.